ಡಿಸೆಂಬರಿನಲ್ಲಿ ನಾಲ್ಕು ದಿನ ಉತ್ತರ ಕನ್ನಡ: ಎಲ್ಲಿ ಉಳಿಯೋದು, ಬ್ಯಾಗಿಗೆ ಏನು ತುಂಬೋದು, ಊರವರಿಗೆ ಹೊರೆಯಾಗದ ಹಾಗೆ ಹೇಗೆ ಹೋಗೋದು?

ಜಯನಗರದ ಜೋಳಿಗೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಗೆ ನಾವು ಐದು ಜನ ಬೆಂಗಳೂರಿನಿಂದ ಉತ್ತರ ಕನ್ನಡದ ಕಡೆ ಹೊರಟಿದ್ದೇವೆ. ನಾನು, ಹೆಂಡತಿ, ಇಬ್ಬರು ಮಕ್ಕಳು, ಅಮ್ಮ. ಚಿಕ್ಕವನಿಗೆ ಇನ್ನೂ ಡೈಪರ್ ಬೇಕು, ಅಮ್ಮನಿಗೆ ಮಂಡಿನೋವು. ಕಾರಿನಲ್ಲೇ ಹೋಗೋ ಯೋಚನೆ.

ನಾನು ಹಾಕಿಕೊಂಡ ಪಟ್ಟಿ ಇದು. ಮೊದಲ ದಿನ ಶಿರಸಿ, ಮಾರಿಕಾಂಬೆ ದರ್ಶನ, ಸಹಸ್ರಲಿಂಗ. ಎರಡನೇ ದಿನ ಯಾಣ, ವಿಭೂತಿ ಫಾಲ್ಸ್, ಸಂಜೆಗೆ ಗೋಕರ್ಣ. ಮೂರನೇ ದಿನ ಕುಡ್ಲೆ, ಓಂ ಬೀಚ್, ಆಮೇಲೆ ಕಾರವಾರ. ನಾಲ್ಕನೇ ದಿನ ಹೊನ್ನಾವರ, ಮುರುಡೇಶ್ವರ ಮುಗಿಸಿ ವಾಪಸ್.

ಆಫೀಸಿನಲ್ಲಿ ಕುಮಟಾ ಕಡೆಯ ಗೆಳೆಯನಿಗೆ ತೋರಿಸಿದರೆ, "ನಮ್ಮೂರು ನೋಡೋಕೆ ಹೋಗ್ತಿದ್ದೀಯೋ, ಟೋಲ್ ಕಟ್ಟೋಕೋ?" ಅಂದ. ವರ್ಷದ ಕೊನೆಗೆ ಅಲ್ಲಿನವರಿಗೆ ಮನೆ ಸಾಮಾನು ತರೋಕೂ ಪೇಟೆಗೆ ಹೋಗೋದು ಕಷ್ಟವಂತೆ, ಅಷ್ಟು ಗಾಡಿ, ಅಷ್ಟು ಕಸ. ಹಾಗಾದರೆ ಹೋಗಲೇಬಾರದಾ? ಹೋದರೆ ಎಲ್ಲಿ ಉಳಿಯೋದು ಒಳ್ಳೆಯದು, ಐದು ಜನರ ಸಾಮಾನು ಹೇಗೆ ಕಮ್ಮಿ ಮಾಡೋದು? ಈಗ ಮೂರು ದೊಡ್ಡ ಟ್ರಾಲಿ ಆಗುತ್ತಿದೆ. ಅಲ್ಲಿಯವರೇ ಹೇಳಿದರೆ ಉಪಕಾರ.

ಗಾಳಿಮರದ ಕೆಳಗೆ

ಅಣ್ಣ, ಮೊದಲು ಆ ಪಟ್ಟಿಯನ್ನು ಅರ್ಧ ಮಾಡಿ. ಉಳಿದದ್ದೆಲ್ಲ ಆಮೇಲೆ. ದಿನಕ್ಕೊಂದು ಊರು ಅಂದರೆ ದಿನಕ್ಕೊಂದು ರೂಮು, ದಿನಾ ಬೆಡ್‌ಶೀಟು ಒಗೆಯೋದು, ದಾರಿಯುದ್ದಕ್ಕೂ ಬಾಟಲಿ ನೀರು, ಪಾರ್ಸೆಲ್ ಊಟ, ಕವರು. ಒಂದೇ ಕಡೆ ಉಳಿದರೆ ಇದರಲ್ಲಿ ಮುಕ್ಕಾಲು ಪಾಲು ತಾನಾಗಿಯೇ ತಪ್ಪುತ್ತದೆ. ಕೂತು ತಟ್ಟೆಯಲ್ಲಿ ಉಣ್ಣುತ್ತೀರಿ, ಬಟ್ಟೆ ಒಗೆದು ಒಣಗಿಸಿಕೊಳ್ಳುತ್ತೀರಿ, ಅಲ್ಲಿಗೆ ಒಂದು ಟ್ರಾಲಿ ಕಮ್ಮಿ ಆಯಿತು. ಹೋಗಬಾರದು ಅಂತ ಯಾರೂ ಹೇಳೋದಿಲ್ಲ. ನಮ್ಮ ಪೈಕಿ ಎಷ್ಟೋ ಮನೆಯ ಗಂಜಿ ನಿಮ್ಮಂಥವರು ಬರೋದರಿಂದಲೇ ಬೇಯುತ್ತದೆ.

ಇಲ್ಲಿ ಮಳೆ ಸುರಿಯೋದು ನೋಡಿದವರು ನೀರಿಗೇನು ಬರ ಅಂದುಕೊಳ್ಳುತ್ತಾರೆ. ಕಡಲ ದಂಡೆಯ ಬಾವಿಯ ಕತೆ ಬೇರೆ. ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಕೊಡದಲ್ಲಿ ಸೇದುವಷ್ಟು ದಿನ ಏನೂ ಆಗೋದಿಲ್ಲ, ಪಂಪ್ ಹಾಕಿ ದಿನವಿಡೀ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಆಮೇಲೆ ಈಜುಕೊಳ ಇರೋ ರೆಸಾರ್ಟಿನವರು ಟ್ಯಾಂಕರ್ ತರಿಸಿಕೊಳ್ಳುತ್ತಾರೆ, ಪಕ್ಕದ ಮನೆಯವರು ಕೊಡ ಹಿಡಿದುಕೊಂಡು ಹೋಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇದು ಜೋರು. ಅದಕ್ಕೇ ರೂಮು ಹುಡುಕುವಾಗ "ನೀರು ಎಲ್ಲಿಂದ ಬರುತ್ತದೆ, ಕಸ ಎಲ್ಲಿಗೆ ಹೋಗುತ್ತದೆ" ಅಂತ ಎರಡೇ ಪ್ರಶ್ನೆ ಕೇಳಿ. ಉತ್ತರ ತಡವರಿಸಿದರೆ ಬೇರೆ ನೋಡಿ.

ಭಾನುವಾರ ಸಂಜೆ ಗಾಳಿಮರದ ತೋಪಿಗೆ ಬಂದು ನೋಡಬೇಕು ನೀವು. ಉದುರಿದ ಸೂಜಿ ಎಲೆಯ ಅಡಿ ಡೈಪರು, ಬಿರಿಯಾನಿ ಪೊಟ್ಟಣ, ಒಡೆದ ಬಿಯರ್ ಬಾಟಲಿ. ಅದೇ ದಂಡೆಯಲ್ಲಿ ರಂಪಣಿ ಬಲೆ ಎಳೆಯುವವರು ಬರಿಗಾಲಲ್ಲಿ ಇರುತ್ತಾರೆ, ಸಾಲಾಗಿ ನಿಂತು ಹಗ್ಗ ಹಿಡಿದು ಹಿಂದೆ ಹಿಂದೆ ಹೋಗುತ್ತಾರೆ, ಕಾಲ ಕೆಳಗೆ ಏನಿದೆ ಅಂತ ನೋಡೋಕೆ ಆಗೋದಿಲ್ಲ. ಬಲೆ ದಡಕ್ಕೆ ಬಂದ ಮೇಲೆ ಬಂಗಡೆ, ತಾರ್ಲೆ ಒಂದು ಕಡೆ, ಚಿಪ್ಸ್ ಪ್ಯಾಕೆಟ್ಟು ಇನ್ನೊಂದು ಕಡೆ ಆರಿಸಿ ಹಾಕಬೇಕು. ಹಾಗಾಗಿ ಡೈಪರಿಗೆ ಅಂತ ಒಂದು ಮುಚ್ಚಳದ ಡಬ್ಬಿ ಕಾರಿನಲ್ಲಿ ಇಟ್ಟುಕೊಳ್ಳಿ. ಬೀಚಿನ ಕಸದ ಬುಟ್ಟಿಗೆ ಹಾಕಿದರೆ ರಾತ್ರಿ ನಾಯಿ ಎಳೆದು ಹರಡುತ್ತದೆ. ಪುರಸಭೆಯ ಕಸದ ಗಾಡಿ ಬರೋ ಊರಲ್ಲಿ ಕೊಡಿ, ಇಲ್ಲದಿದ್ದರೆ ಬೆಂಗಳೂರಿಗೇ ವಾಪಸ್ ಒಯ್ಯಿರಿ.

ಇನ್ನೊಂದು. ಚಳಿಗಾಲ ಅಂದರೆ ಕಡಲಾಮೆ ಮೊಟ್ಟೆ ಇಡೋಕೆ ದಂಡೆಗೆ ಬರೋ ಕಾಲ. ಹೊನ್ನಾವರದ ಕಾಸರಕೋಡ ಟೊಂಕದ ಕಡೆ ಗೂಡು ಸಿಕ್ಕರೆ ಅರಣ್ಯ ಇಲಾಖೆಯವರು ಬೇಲಿ ಹಾಕುತ್ತಾರೆ. ಕಾರನ್ನು ಮರಳಿಗೆ ಇಳಿಸಬೇಡಿ, ರಾತ್ರಿ ದಂಡೆಯಲ್ಲಿ ಲೈಟು, ಬೆಂಕಿ ಬೇಡ. ಮರಿಗಳು ಬೆಳಕು ಕಂಡ ಕಡೆ ಹೋಗುತ್ತವೆ, ಕಡಲು ಬಿಟ್ಟು ರಸ್ತೆಗೆ ಬರುತ್ತವೆ.

ಗೋಕರ್ಣ ಗಿಜಿಗುಡುತ್ತದೆ ಅನ್ನಿಸಿದರೆ ತದಡಿಗೆ ಬಂದು ತಾರಿಯಲ್ಲಿ (ಹೊಳೆ ದಾಟಿಸೋ ದೋಣಿ) ಆಚೆ ದಡದ ಅಘನಾಶಿನಿ ಊರಿಗೆ ಹೋಗಿ. ಅಘನಾಶಿನಿ ಹೊಳೆಗೆ ಎಲ್ಲೂ ಅಣೆಕಟ್ಟಿಲ್ಲ, ಹೊಳೆ ಕಡಲು ಸೇರೋ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಇಳಿತದ ಹೊತ್ತಿಗೆ ಹೋದರೆ ಬಳಚು (ಚಿಪ್ಪುಮೀನು) ತೆಗೆಯೋದು ಕಾಣುತ್ತದೆ. ಸೊಂಟದ ಮಟ್ಟ ನೀರಲ್ಲಿ ನಿಂತು ಕೆಸರಿನೊಳಗೆ ಕಾಲಲ್ಲೇ ತಡಕಿ ಚಿಪ್ಪು ಹುಡುಕಿ ಬುಟ್ಟಿಗೆ ಹಾಕುತ್ತಾರೆ. ಫೋಟೋ ತೆಗೆಯೋ ಮುಂಚೆ ಒಂದು ಮಾತು ಕೇಳಿ ಅಷ್ಟೇ. ಅವರು ಅಲ್ಲಿ ದುಡಿಯುತ್ತಿದ್ದಾರೆ.

ಬೆಟ್ಟದ ಸೊಪ್ಪು

ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟ. ಮನೆಯಲ್ಲೇ ಎರಡು ಕೋಣೆ ಅತಿಥಿಗಳಿಗೆ ಕೊಡುತ್ತೇವೆ. ಮೇಲಿನ ತಂಗಿ ಹೇಳಿದ್ದಕ್ಕೆ ನನ್ನದೂ ಒಂದಿಷ್ಟು ಸೇರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆರು ಜನ ಅಂತ ಹೇಳಿ ಹತ್ತು ಜನ ಬರುತ್ತಾರೆ. ಅಕ್ಕಿ ಮತ್ತೆ ಇಡಬಹುದು, ಪರವಾಗಿಲ್ಲ. ಆದರೆ ನಮ್ಮಲ್ಲಿ ಬಚ್ಚಲ ಹಂಡೆಯಲ್ಲಿ ನೀರು ಕಾಯೋದು, ಒಲೆಗೆ ಅಡಿಕೆ ಸಿಪ್ಪೆ, ಒಣಗಿದ ಸೋಗೆ ಹಾಕೋದು. ಒಬ್ಬರು ಶವರ್ ಇಲ್ವಾ ಅಂತ ಮುಖ ಸಿಂಡರಿಸುತ್ತಾರೆ, ಇನ್ನೊಬ್ಬರು ಒಂದೇ ಸ್ನಾನಕ್ಕೆ ಅರ್ಧ ಹಂಡೆ ಖಾಲಿ ಮಾಡುತ್ತಾರೆ. ಮಗುವಿನ ವೆಟ್ ವೈಪ್ಸ್ ಕಮೋಡಿಗೆ ಹಾಕಿ ಗುಂಡಿ ಕಟ್ಟಿಕೊಂಡರೆ ಹಳ್ಳಿಗೆ ಯಾರು ಬರುತ್ತಾರೆ ತೆಗೆಯೋಕೆ? ವೈಪ್ಸ್ ಬದಲು ಮೆತ್ತನೆ ಹತ್ತಿ ಬಟ್ಟೆ ನಾಲ್ಕು ತನ್ನಿ, ಬಿಸಿನೀರು ನಾವು ಕೊಡುತ್ತೇವೆ. ಸ್ಪೀಕರ್ ದಯವಿಟ್ಟು ಮನೆಯಲ್ಲೇ ಬಿಡಿ.

ತೋಟದ ಮೇಲಿನ ಕಾಡನ್ನು ನೋಡಿ ಯಾರದ್ದೂ ಅಲ್ಲ ಅಂತ ಒಳಗೆ ನುಗ್ಗುತ್ತಾರೆ. ಅದು ಸೊಪ್ಪಿನ ಬೆಟ್ಟ. ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ಮರದ ಬುಡಕ್ಕೆ ಹಾಕೋದು ನಮ್ಮ ಕಡೆಯ ಪದ್ಧತಿ, ಒಂದೊಂದು ತೋಟಕ್ಕೆ ಇಂತಿಷ್ಟು ಬೆಟ್ಟ ಅಂತ ಇದೆ. ಆ ಒಣ ಎಲೆಯಲ್ಲಿ ಪ್ಲಾಸ್ಟಿಕ್ ಸೇರಿದರೆ ಸೀದಾ ತೋಟಕ್ಕೇ ಬರುತ್ತದೆ. ಸಿಗರೇಟಿನ ಕಿಡಿಯ ಮಾತು ಬೇರೆ ಹೇಳಬೇಕಾ?

ಮಂಗನ ಕಾಯಿಲೆ ಬಗ್ಗೆ ಯಾರೂ ಹೇಳಲಿಲ್ಲ. ಉಣುಗು ಕಚ್ಚಿ ಬರೋದು ಅದು, ಡಿಸೆಂಬರಿನಿಂದ ಮೇ ತನಕ ಜಾಸ್ತಿ. ಸಿದ್ದಾಪುರದ ಕಡೆ ಕಾಡಿಗೆ ಹೋಗೋದಾದರೆ ಕೈಕಾಲು ಪೂರ್ತಿ ಮುಚ್ಚೋ ಬಟ್ಟೆ ಬೇಕು. ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡೇಪಾ ಎಣ್ಣೆ ಹಂಚುತ್ತಾರೆ, ಉಳಿಯೋ ಮನೆಯವರನ್ನು ಕೇಳಿ. ಒಣ ಎಲೆ ಮೇಲೆ ಕೂರಬೇಡಿ, ಬಂದ ಕೂಡಲೇ ಬಟ್ಟೆ ಬದಲಿಸಿ ಬಿಸಿನೀರು ಸ್ನಾನ ಮಾಡಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳೋದು ಮರೆಯಬೇಡಿ. ಇಂಬಳಕ್ಕೆ ಹೆದರಬೇಕಿಲ್ಲ, ಅದು ಮಳೆಗಾಲದ ಗಿರಾಕಿ.

ಕೇಳೋರ್ಯಾರು

ಸುಮ್ನೆ ಹೇಳ್ತೀನಿ, ಕೋಪ ಬೇಡ. ಐದು ಜನ ಸ್ಟೀಲ್ ಬಾಟಲಿ ತಂದರೆ ಉತ್ತರ ಕನ್ನಡ ಉಳಿಯುತ್ತದಾ? 2024ರ ಜುಲೈ 16ಕ್ಕೆ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತರು. ಆಮೇಲೆ ಎಲ್ಲರೂ ಮಾತಾಡಿದ್ದು ಹೆದ್ದಾರಿಗೆ ಗುಡ್ಡ ಕಡಿದ ರೀತಿಯ ಬಗ್ಗೆ, ಚಿಪ್ಸ್ ಪ್ಯಾಕೆಟ್ಟಿನ ಬಗ್ಗೆ ಅಲ್ಲ. ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಹಡಗಿನ ಬಂದರು ಬೇಡ ಅಂತ ಮೀನುಗಾರರು ಬೀದಿಗೆ ಬಂದಿದ್ದಾರೆ. ಬೇಡ್ತಿ ಹೊಳೆಯ ನೀರು ತಿರುಗಿಸೋ ಮಾತು ಇನ್ನೂ ನಿಂತಿಲ್ಲ. ದೊಡ್ಡ ಹೊಡೆತ ಅಲ್ಲಿ ಬೀಳುತ್ತಿದೆ. ಪ್ರವಾಸಕ್ಕೆ ಬಂದ ಪಾಪದವರಿಗೆ ಡೈಪರ್ ಪಾಠ ಯಾಕೆ?

ಗಾಳಿಮರದ ಕೆಳಗೆ

ಮಾರಾಯ್ರೇ, ಬಂದರಿನ ವಿಷಯಕ್ಕೆ ನಾನೂ ನಿಮ್ಮ ಜೊತೆಗೇ ಇದ್ದೇನೆ. ಆದರೆ ರಂಪಣಿಯವರ ಕಾಲಿಗೆ ಚುಚ್ಚಿದ ಗಾಜು ಬಂದರಿನವರದ್ದಲ್ಲವಲ್ಲ. ಎರಡೂ ನಮ್ಮ ತಲೆ ಮೇಲೇ ಬೀಳೋದು. ಇವರು ಕೇಳಿದ್ದು ಇವರ ಕೈಯಲ್ಲಿ ಆಗೋದನ್ನ, ಅದನ್ನ ಹೇಳಿದೆ. ಅಲ್ಲದೆ ನಾಲ್ಕು ದಿನ ಒಂದೇ ಊರಲ್ಲಿ ಉಳಿದವರಿಗೆ ಆ ಊರಿನ ತಕರಾರು ಏನು ಅಂತಲೂ ಕಿವಿಗೆ ಬೀಳುತ್ತದೆ. ಕಾರಿನ ಕಿಟಕಿಯಿಂದ ಅದು ಕೇಳಿಸೋದಿಲ್ಲ.

ಹಾಗೇ ಇನ್ನೊಂದು ನೆನಪಾಯಿತು. ಮುರುಡೇಶ್ವರದಲ್ಲಿ 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ಹುಡುಗಿಯರು ನೀರುಪಾಲಾದರು. ಲೈಫ್‌ಗಾರ್ಡ್ ಆಗಿರೋರು ಬಹುತೇಕ ನಮ್ಮ ಊರಿನ ಹುಡುಗರೇ. ಸೀಟಿ ಹೊಡೆದರೆ "ನಮಗೆ ಈಜು ಬರುತ್ತದೆ" ಅಂತ ವಾದಕ್ಕೆ ನಿಲ್ಲಬೇಡಿ. ನಿಮ್ಮನ್ನು ಎಳೆಯೋಕೆ ನೀರಿಗೆ ಇಳಿಯೋರು ಅವರೇ.

ಕಾಳಿ ದಡ

ಕಾರವಾರದಿಂದ ಬರೆಯುತ್ತಿದ್ದೇನೆ. ಸರ್, ಕಾರು ಬಿಟ್ಟು ಬರೋ ಯೋಚನೆ ಮಾಡಿದ್ದೀರಾ? ಪಂಚಗಂಗಾ ಎಕ್ಸ್‌ಪ್ರೆಸ್ ಬೆಂಗಳೂರಿನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ಈ ಕಡೆ ಇರುತ್ತೀರಿ. ಕುಮಟಾ, ಗೋಕರ್ಣ ರೋಡ್, ಅಂಕೋಲಾ, ಕೊನೆಗೆ ಕಾರವಾರ. ಡಿಸೆಂಬರಿಗೆ ಬರ್ತ್ ಬೇಗ ಭರ್ತಿ ಆಗುತ್ತದೆ, ಬುಕಿಂಗ್ ತೆರೆದ ದಿನವೇ ಹಾಕಿ. ಇಲ್ಲಿಂದ ಆಚೆ ಸರ್ಕಾರಿ ಬಸ್ಸು, ಆಟೋ. 2023ರ ಜೂನ್‌ನಿಂದ ಸಾದಾ ಬಸ್ಸಿನಲ್ಲಿ ಅಮ್ಮನಿಗೂ ನಿಮ್ಮ ಹೆಂಡತಿಗೂ ದುಡ್ಡಿಲ್ಲ, ಆಧಾರ್ ಮರೆಯಬೇಡಿ ಅಷ್ಟೇ. ಯಾಣದಂಥ ಕಡೆಗೆ ಮಾತ್ರ ಒಂದು ದಿನಕ್ಕೆ ಊರಿನ ಗಾಡಿ ಬಾಡಿಗೆಗೆ ಹಿಡಿಯಿರಿ, ಡ್ರೈವರಿಗೆ ದಾರಿಯೂ ಗೊತ್ತು, ದುಡ್ಡೂ ಊರಲ್ಲೇ ಉಳಿಯುತ್ತದೆ.

ಟ್ರಾಲಿ ಬೇಡವೇ ಬೇಡ. ಮರಳಿನಲ್ಲಿ ಚಕ್ರ ಹೂತು ಹೋಗುತ್ತದೆ. ಕುಡ್ಲೆಗೆ ಇಳಿಯೋದು ಚಿರೇಕಲ್ಲಿನ ಮೆಟ್ಟಿಲಲ್ಲಿ, ಅಲ್ಲಿ ಟ್ರಾಲಿ ಅಂದರೆ ತಲೆ ಮೇಲೆ ಹೊರಬೇಕು. ದೊಡ್ಡವರಿಗೆ ಒಂದೊಂದು ಬೆನ್ನಿನ ಬ್ಯಾಗು, ಮಕ್ಕಳದ್ದು ಸೇರಿ ಒಂದು, ಸಾಕು.

ಬಟ್ಟೆ ತಲಾ ಮೂರು ಜೊತೆ. ಜೀನ್ಸ್ ಬೇಡ, ನಮ್ಮ ಹವೆಯಲ್ಲಿ ಅದು ಬೇಗ ಒಣಗೋದಿಲ್ಲ, ಎರಡನೇ ದಿನಕ್ಕೆ ಮುಗ್ಗಲು ವಾಸನೆ ಬರುತ್ತದೆ. ದಪ್ಪ ಟರ್ಕಿ ಟವೆಲ್ ಒಂದೇ ಅರ್ಧ ಬ್ಯಾಗು ತಿನ್ನುತ್ತದೆ, ತೆಳು ಹತ್ತಿ ಟವೆಲ್ ಸಾಕು. ಒಂದು ಹಳೇ ಪಂಚೆ ಹಾಕಿಕೊಳ್ಳಿ. ಅದನ್ನು ಹಾಸಬಹುದು, ಹೊದೆಯಬಹುದು, ಬೀಚಿನಲ್ಲಿ ಬಟ್ಟೆ ಬದಲಿಸುವಾಗ ಮರೆ ಮಾಡಬಹುದು, ಮಗು ಮಲಗಿದರೆ ಜೋಲಿ ಕಟ್ಟಬಹುದು. ಶಾಂಪೂ ಸ್ಯಾಶೆ ಬದಲು ಸೋಪಿನ ಡಬ್ಬಿ, ಆ ಸ್ಯಾಶೆ ಚೂರುಗಳಷ್ಟು ಕೆಟ್ಟ ಕಸ ಬೇರೆ ಇಲ್ಲ, ಬಾಚಿದರೂ ಬರೋದಿಲ್ಲ. ಸೋಪು ಕೂಡ ಮನೆ ಬಚ್ಚಲಲ್ಲಿ, ಫಾಲ್ಸಿನಲ್ಲಿ ಅಲ್ಲ. ಎರಡು ಖಾಲಿ ಸ್ಟೀಲ್ ಡಬ್ಬಿ ಇರಲಿ, ಹೋಟೆಲಿನಲ್ಲಿ ಬನ್ಸ್, ಇಡ್ಲಿ ಅದಕ್ಕೇ ಹಾಕಿಸಿಕೊಳ್ಳಬಹುದು. ಬಟ್ಟೆ ಚೀಲ ಎರಡು, ಒಂದರಲ್ಲಿ ಕಸ ವಾಪಸ್. ಟಾರ್ಚು, ಅಮ್ಮನ ಮಾತ್ರೆ, ಮಂಡಿಗೆ ಹಚ್ಚೋ ಎಣ್ಣೆ. ಇನ್ನೇನಾದರೂ ಬಿಟ್ಟುಹೋದರೆ ಇಲ್ಲೂ ಅಂಗಡಿ ಇದೆ ಸರ್, ನಾವೂ ಹಲ್ಲುಜ್ಜುತ್ತೇವೆ.

ಕಾರವಾರವನ್ನು ಎಲ್ಲರೂ ಗೋವಾಕ್ಕೆ ಹೋಗೋ ದಾರಿಯಲ್ಲಿ ಟೀ ಕುಡಿಯೋಕೆ ಇಟ್ಟುಕೊಂಡಿದ್ದಾರೆ. ಕಾಳಿಯ ಹಳೇ ಸೇತುವೆ 2024ರ ಆಗಸ್ಟಿನಲ್ಲಿ ಬಿದ್ದಾಗ ಮಾತ್ರ ಎಲ್ಲರಿಗೂ ಊರಿನ ಹೆಸರು ಬಾಯಿಗೆ ಬಂತು. ರವೀಂದ್ರನಾಥ ಟಾಗೋರರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಡ್ಜ್ ಆಗಿದ್ದರು. ತಮ್ಮ 1880ರ ದಶಕದಲ್ಲಿ ಬಂದು ಅಣ್ಣನ ಮನೆಯಲ್ಲಿ ಉಳಿದರು, ಬರೆದರು. ಈಗ ಬೀಚಿಗೆ ಅವರ ಹೆಸರಿದೆ, ಅದರ ಮುಂದೆ ಹತ್ತು ನಿಮಿಷ ನಿಂತು ಸೆಲ್ಫಿ ತೆಗೆದು ಹೋಗುತ್ತಾರೆ.

ಜಯನಗರದ ಜೋಳಿಗೆ

ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಓದಿ ಹೇಳಿದೆ. ಟ್ರಾಲಿ ಬೇಡ ಅನ್ನೋದಕ್ಕೆ ಹೆಂಡತಿ ಕೂಡಲೇ ಹೂಂ ಅಂದಳು, ಮೂರು ಜೊತೆ ಬಟ್ಟೆಗೆ ಇನ್ನೂ ಮಾತುಕತೆ ನಡೆದಿದೆ. ಹೊಸ ಪಟ್ಟಿ: ಟ್ರೇನಿನಲ್ಲಿ ಕುಮಟಾ, ಅಲ್ಲಿಂದ ಶಿರಸಿ ಕಡೆ ತೋಟದ ಮನೆಯಲ್ಲಿ ಎರಡು ರಾತ್ರಿ, ಆಮೇಲೆ ಅಘನಾಶಿನಿ ದಂಡೆಯಲ್ಲಿ ಎರಡು ರಾತ್ರಿ. ಮುರುಡೇಶ್ವರ, ಕಾರವಾರ ಈ ಸಲ ಇಲ್ಲ (ಕಾಳಿ ದಡ ಅವರೇ, ಕ್ಷಮಿಸಿ, ಟೀಗೂ ಬರುತ್ತಿಲ್ಲ). ಕ್ರಿಸ್‌ಮಸ್ ವಾರ ಬಿಟ್ಟು ಅದಕ್ಕೂ ಮುಂಚಿನ ವಾರ ರಜೆ ಹಾಕುತ್ತೇನೆ. ಒಂದೇ ಅನುಮಾನ, ಅಮ್ಮನಿಗೆ ಯಾಣ ಆಗುತ್ತದಾ?

ಬೆಟ್ಟದ ಸೊಪ್ಪು

ಗಾಡಿ ನಿಲ್ಲಿಸಿದ ಮೇಲೆ ಕಾಡಿನೊಳಗೆ ನಡೆಯಬೇಕು, ಮೆಟ್ಟಿಲೂ ಇವೆ. ದೊಡ್ಡ ಬಂಡೆ ಭೈರವೇಶ್ವರ ಶಿಖರ 120 ಮೀಟರ್, ಅದನ್ನು ನೋಡೋಕೆ ಕುತ್ತಿಗೆ ಎತ್ತಿದರೆ ಸಾಕು, ಆದರೆ ಬುಡದ ತನಕ ಮಂಡಿ ಕೇಳಬೇಕಲ್ಲ. ಬೆಳಿಗ್ಗೆ ಬೇಗ ಹೋಗಿ ನಿಧಾನಕ್ಕೆ ಹತ್ತಿದರೆ ಎಷ್ಟೋ ಹಿರಿಯರು ಹೋಗಿ ಬರುತ್ತಾರೆ. ಆಗದು ಅನ್ನಿಸಿದರೆ ನೀವು ಮಕ್ಕಳನ್ನು ಕರೆದುಕೊಂಡು ಹೋಗಿ, ಅಮ್ಮ ಉಳಿದ ಮನೆಯಲ್ಲೇ ಇರಲಿ. ನಮ್ಮ ಕಡೆ ಆ ಹೊತ್ತಿಗೆ ಅಡಿಕೆ ಕೊಯ್ಲು ನಡೆದಿರುತ್ತದೆ, ಅಂಗಳದಲ್ಲಿ ಸುಲಿಯೋಕೆ ಹೆಂಗಸರು ಸಾಲಾಗಿ ಕೂತಿರುತ್ತಾರೆ, ಮಾತಿಗೇನೂ ಬರವಿಲ್ಲ. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟದ ಬಸ್ಸು ಹತ್ತಿ, ಆದರೆ ಹೊರಡುವ ಹಿಂದಿನ ದಿನ ರಸ್ತೆ ತೆರೆದಿದೆಯಾ ಅಂತ ಬಸ್ ಸ್ಟ್ಯಾಂಡಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಮತ್ತೆ ಚಿಕ್ಕವನಿಗೆ ತಿರುವಿನಲ್ಲಿ ವಾಂತಿ ಬರುವ ಅಭ್ಯಾಸ ಇದ್ದರೆ ಹೊಟ್ಟೆ ತುಂಬ ಹಾಲು ಕುಡಿಸಿ ಹತ್ತಿಸಬೇಡಿ.