ಮೂರು ದಿನ, ನಾಲ್ಕು ಜನ, ಅಮ್ಮನಿಗೆ ಮಂಡಿನೋವು: ಕರಾವಳಿಯಲ್ಲಿ ಎಲ್ಲೆಲ್ಲಿ ಹೋಗಬಹುದು?

ದಾವಣಗೆರೆ ಹುಡುಗಿ
ಡಿಸೆಂಬರ್‌ನಲ್ಲಿ ಮೂರು ದಿನ ರಜೆ ಇದೆ, ಕಾರಿದೆ. ಅಮ್ಮ ಇದುವರೆಗೆ ಸಮುದ್ರವನ್ನೇ ನೋಡಿಲ್ಲ, ಅವರಿಗೆ ಮಂಡಿನೋವು ಬೇರೆ. ತಮ್ಮನಿಗೆ ಬೀಚು, ಬೆಟ್ಟ, ಕಾಡು ಎಲ್ಲಾ ಬೇಕು. ಕಾರವಾರದಿಂದ ಮಂಗಳೂರಿನವರೆಗೆ ಒಂದೇ ಸಲ ಮುಗಿಸಬಹುದಾ?

ಕುಮಟಾದವ
ದಯವಿಟ್ಟು ಹಾಗೆ ಮಾಡಬೇಡಿ, ಮೂರೂ ದಿನ ಕಾರಿನಲ್ಲೇ ಕಳೆದುಹೋಗುತ್ತದೆ. ಈ ಸಲಕ್ಕೆ ಗೋಕರ್ಣದಿಂದ ಮಲ್ಪೆ ಸಾಕು. ಶಿರಸಿ ಮೇಲೆ ಬಂದರೆ ತಮ್ಮನಿಗೆ ಯಾಣ ತೋರಿಸಬಹುದು. ಸೊಕ್ಕಿದ್ದವನಿಗೆ ಯಾಣ, ರೊಕ್ಕಿದ್ದವನಿಗೆ ಗೋಕರ್ಣ ಅಂತ ನಮ್ಮ ಕಡೆ ಗಾದೆ. ಈಗ ಹತ್ತಿರದವರೆಗೂ ರಸ್ತೆ ಇದೆ, ಆದರೂ ಕೊನೆಗೆ ಕಾಡಿನಲ್ಲಿ ನಡೆದು ಮೆಟ್ಟಿಲು ಹತ್ತಬೇಕು. ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕಪ್ಪು ಬಂಡೆ, ಅದರ ಸೀಳಿನೊಳಗೆ ನಡೆದು ಹೋಗುವಾಗ ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ.

ಗೋಕರ್ಣದಲ್ಲಿ ಓಂ ಬೀಚಿಗೆ ಮೆಟ್ಟಿಲು ಇಳಿಯಬೇಕು, ಹಾಫ್ ಮೂನ್, ಪ್ಯಾರಡೈಸ್‌ಗೆ ಕಾಲುದಾರಿ ಇಲ್ಲವೇ ದೋಣಿ. ಅಮ್ಮನಿಗೆ ದೇವಸ್ಥಾನದ ಹತ್ತಿರದ ಕಡಲತೀರವೇ ಒಳ್ಳೆಯದು.

ಹೊನ್ನಾವರದ ಅಕ್ಕ
ಅಮ್ಮನ ವಿಷಯ ಓದಿ ಬರೆಯಬೇಕು ಅನ್ನಿಸಿತು. ಅವರನ್ನು ಶರಾವತಿಯ ಕಾಂಡ್ಲಾ ಕಾಡಿಗೆ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ಕಾಡು) ಕರೆದುಕೊಂಡು ಬನ್ನಿ, ಹೊನ್ನಾವರದ ಸೇತುವೆ ದಾಟಿದರೆ ಕಾಸರಕೋಡು, ಅಲ್ಲೇ ಇದೆ. ಗಿಡಗಳ ನಡುವೆ ಹಲಗೆ ಹಾಸಿದ ದಾರಿ. ನಮ್ಮ ಅತ್ತೆಯವರು ಕೋಲು ಹಿಡಿದುಕೊಂಡೇ ಪೂರ್ತಿ ನಡೆದರು. ನೀರು ಇಳಿದಿರುವ ಹೊತ್ತಿಗೆ ಹೋಗಿ. ಕೆಸರಿನಿಂದ ಬೆರಳಿನ ಹಾಗೆ ಮೇಲೆದ್ದ ಬೇರುಗಳು ಕಾಣುತ್ತವೆ, ಗಿಡ ಉಸಿರಾಡುವುದು ಅವುಗಳಿಂದಲೇ. ಮಧ್ಯದಲ್ಲಿ ಪುಟ್ಟ ಏಡಿಗಳು ಕೊಂಡಿ ಎತ್ತಿ ಆಡಿಸುತ್ತಿರುತ್ತವೆ, ಹೆಜ್ಜೆ ಸದ್ದಾದರೆ ಥಟ್ಟನೆ ಬಿಲದೊಳಗೆ. ಕಾಸರಕೋಡು ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ (ಚೊಕ್ಕಟ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದೆ, ಚೊಕ್ಕಟವಾಗಿದೆ.

ಕುಂದಾಪ್ರ ಮಾಣಿ
ಸಂಜೆಗೆ ಮರವಂತೆ ತಲುಪುವ ಹಾಗೆ ನೋಡಿಕೊಳ್ಳಿ. ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಅಮ್ಮ ರಸ್ತೆ ಬದಿಯಲ್ಲಿ ಕೂತೇ ಎರಡನ್ನೂ ನೋಡಬಹುದು: ಈ ಕಡೆ ಅಲೆ ಬಡಿಯುತ್ತಿರುತ್ತದೆ, ಆ ಕಡೆ ಹೊಳೆಯಲ್ಲಿ ಗುಡ್ಡದ ನೆರಳು ಅಲುಗಾಡದೆ ಬಿದ್ದಿರುತ್ತದೆ. ಆದರೆ ಅಲ್ಲಿ ನೀರಿಗೆ ಇಳಿಯಬೇಡಿ, ಸೆಳೆತ ಜಾಸ್ತಿ. ನಾನು ಚಿಕ್ಕವನಿದ್ದಾಗ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೆ, ಕಾಲಡಿಯ ಮರಳು ಜಾರಿ ಬಿದ್ದೇ ಬಿಟ್ಟೆ, ಚಿಕ್ಕಪ್ಪ ಅಂಗಿ ಹಿಡಿದು ಎಳೆದದ್ದಕ್ಕೆ ಉಳಿದೆ.

ಕೊನೆಯ ದಿನ ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪ. ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ಆದ ಕಂಬಗಳು, ಐದಾರು ಮುಖದವು, ಜೋಡಿಸಿಟ್ಟ ಹಾಗೆ ನಿಂತಿವೆ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲ, ಡಿಸೆಂಬರ್‌ಗೆ ತೊಂದರೆ ಇಲ್ಲ. ದೋಣಿ ಹತ್ತಿ ಇಳಿಯುವುದು ಮಂಡಿನೋವಿನವರಿಗೆ ಕಷ್ಟ, ಒಬ್ಬರು ಅಮ್ಮನ ಜೊತೆ ಮಲ್ಪೆಯಲ್ಲೇ ಇರಿ.

ದಾವಣಗೆರೆ ಹುಡುಗಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾರವಾರ, ಮಂಗಳೂರು ಈ ಸಲ ಕೈಬಿಟ್ಟೆವು. ಯಾಣಕ್ಕೆ ತಮ್ಮ ಮತ್ತು ಅಪ್ಪ ಹೋಗುತ್ತಾರೆ, ದ್ವೀಪಕ್ಕೂ ಅವರೇ. ಕಾಂಡ್ಲಾ ಕಾಡಿಗೆ, ಮರವಂತೆಗೆ ನಾಲ್ಕೂ ಜನ. ಅಕ್ಕಾ, ನೀರು ಇಳಿಯುವ ಹೊತ್ತು ಅಲ್ಲಿ ಯಾರನ್ನು ಕೇಳಿದರೆ ಗೊತ್ತಾಗುತ್ತದೆ?

ಹೊನ್ನಾವರದ ಅಕ್ಕ
ಅಲ್ಲಿನ ದೋಣಿಯವರನ್ನು ಕೇಳಿ. ದಿನಾ ನೀರಿನಲ್ಲೇ ಇರುವವರು, ಸರಿಯಾಗಿ ಹೇಳುತ್ತಾರೆ.