ಮಣ್ಣಿನ ಹಾದಿಯ ಯಮಹಾ ಆರ್‌ಎಕ್ಸ್ 100 ಬೈಕಿಗೆ ಯಾವ ಕಾರ್ಬುರೇಟರ್, ಯಾವ ರೀಡ್?

ಪ್ರಶ್ನೆ, ಚಿತ್ರದುರ್ಗದಿಂದ:
ಅಣ್ಣಾರೆ, ಗಾಡಿ 1992ರದು, ಸಿಲಿಂಡರ್ ಸ್ಟಾಕ್ (ಕಂಪನಿ ಕೊಟ್ಟಂತೆಯೇ). ಹೊಳಲ್ಕೆರೆ ಕಡೆ ಕೆಂಪು ಮಣ್ಣಿನ ಹಾದಿಗೆ ಮಾತ್ರ. ಏರಿನಲ್ಲಿ ಎಳೆತ ಬೇಕು. 24 ಎಂಎಂ ಕಾರ್ಬುರೇಟರ್ (ಗಾಳಿ-ಪೆಟ್ರೋಲ್ ಬೆರೆಸೋದು) ಹಾಕಲೋ, ಫೈಬರ್ ರೀಡ್ (ಆ ಮಿಶ್ರಣ ಹಿಂದಕ್ಕೆ ಹೋಗದಂತೆ ತಡೆಯೋ ಎಲೆ ಕವಾಟ) ಸಾಕೋ? ಬಿಸಿಯಾದ ಮೇಲೆ ಐಡಲ್ (ಥ್ರಾಟಲ್ ಕೊಡದೆ ಎಂಜಿನ್ ಓಡೋ ವೇಗ) ತಾನಾಗೇ ಏರುತ್ತೆ.

ಉತ್ತರ, ದಾವಣಗೆರೆಯಿಂದ:
24 ಬೇಡ. ಸ್ಟಾಕ್ ಪೋರ್ಟಿಗೆ ದೊಡ್ಡ ಬಾಯಿ ಇಟ್ಟರೆ ಗಾಳಿಯ ವೇಗ ಇಳಿದು ಏರಿನಲ್ಲೇ ಎಂಜಿನ್ ಸೊರಗುತ್ತೆ. 20 ಎಂಎಂ ಮಿಕುನಿ ಕಾರ್ಬುರೇಟರೇ ಇರಲಿ. ರೀಡ್ ಬ್ಲಾಕ್ ಬಿಚ್ಚಿ ಬೆಳಕಿಗೆ ಹಿಡೀರಿ. ಎಲೆಯ ತುದಿಯಲ್ಲಿ ಸಂದು ಕಂಡರೆ ಎಳೆತ ಅಲ್ಲೇ ಸೋರ್ತಿದೆ. ಸ್ಟೀಲ್ ಎಲೆ ಮುರಿದರೆ ತುಂಡು ಒಳಗೆ ಹೋಗಿ ಪಿಸ್ಟನ್ ಗೀರುತ್ತೆ. ಫೈಬರ್ ಅಷ್ಟು ಹಾನಿ ಮಾಡಲ್ಲ, ಆದ್ರೆ ತುದಿ ನಾರು ಬಿಟ್ಟ ಕೂಡಲೇ ಬದಲಿಸಿ.

ಇನ್ನೊಂದು ಉತ್ತರ:
ಐಡಲ್ ಏರೋದು ಬಹುಪಾಲು ಕಾರ್ಬುರೇಟರ್‌ಗೂ ಎಂಜಿನ್‌ಗೂ ನಡುವಿನ ರಬ್ಬರ್ ಮ್ಯಾನಿಫೋಲ್ಡ್ (ಜೋಡಿಸೋ ಕೊಳವೆ) ಬಿರುಕು. ಬಗ್ಗಿಸಿ ನೋಡಿ, ಕೂದಲೆಳೆ ಗೀರೂ ಸಾಕು ಪಿಸ್ಟನ್ ಸೀಜ್ ಆಗೋಕೆ (ಬಿಸಿಗೆ ಕಚ್ಚಿಕೊಳ್ಳೋಕೆ). ಜೆಟ್ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಅಳೆದು ಬಿಡೋ ಸಣ್ಣ ತೂತಿನ ತುಂಡು) ಮುಟ್ಟೋ ಮುಂಚೆ ಅದನ್ನ ಬದಲಿಸಿ. ಆ ಧೂಳಿಗೆ ಏರ್‌ಬಾಕ್ಸ್ (ಗಾಳಿ ಸೋಸೋ ಫೋಮ್ ಇರೋ ಡಬ್ಬಿ) ಕೀಳಲೇಬೇಡಿ. ಫೋಮ್ ತೊಳೆದು, ಒಣಗಿಸಿ, ಎಣ್ಣೆ ಸವರಿ ಹಿಂಡಿ ಹಾಕಿ. ಆಮೇಲೆ ಮೇನ್ ಜೆಟ್ ಎರಡು ಸೈಜ್ ದೊಡ್ಡದು ಹಾಕಿ, ಫುಲ್ ಥ್ರಾಟಲ್‌ನಲ್ಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ತುದಿಯ ಬಣ್ಣ ನೋಡಿ. ಕಾಫಿಪುಡಿ ಬಣ್ಣ ಸರಿ. ಕರಿ, ಒದ್ದೆ ಇದ್ರೆ ಒಂದು ಸೈಜ್ ಇಳಿಸಿ. ಬೆಳ್ಳಗಿದ್ರೆ ಪೆಟ್ರೋಲ್ ಸಾಲ್ತಿಲ್ಲ, ಓಡಿಸೋದು ಅಲ್ಲೇ ನಿಲ್ಲಿಸಿ.