ಕೀಬೋರ್ಡ್ ಹಾಕಿದ ಟ್ಯಾಬ್ ಲ್ಯಾಪ್‌ಟಾಪಿನ ಕೆಲಸ ಮಾಡುತ್ತಾ? – ಕಂಪ್ಯೂಟರ್ ರಿಪೇರಿಯವರಿಗೆ ಕೇಳಿ

ಪ್ರಶ್ನೆ (ತೀರ್ಥಹಳ್ಳಿ ಕಡೆಯ ಸದಸ್ಯೆ):
ನಮಸ್ತೆ ಸರ್. ಮನೆಯ ಅಡಿಕೆ ತೋಟದ ಲೆಕ್ಕ ನೋಡುವುದು ನಾನೇ. ಜೊತೆಗೆ ಊರಿನ ಸಹಕಾರ ಸಂಘದಲ್ಲಿ ಬರವಣಿಗೆ ಕೆಲಸ ಇದೆ. ಸಭೆಯ ನಡಾವಳಿ, ನೋಟಿಸು, ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ, ಇಷ್ಟು. ನನ್ನ ಲ್ಯಾಪ್‌ಟಾಪಿನ ಸ್ಕ್ರೀನ್ ಮಡಚುವ ಕೀಲು (ಹಿಂಜ್) ಮುರಿದಿದೆ. ಬ್ಯಾಟರಿಯೂ ಸತ್ತಿದೆ, ಕರೆಂಟ್ ಹೋದ ಕೂಡಲೇ ಆಫ್. ಬೆಂಗಳೂರಿನಲ್ಲಿರುವ ತಮ್ಮ, ‘ಅಕ್ಕಾ, ಈಗ ಲ್ಯಾಪ್‌ಟಾಪ್ ಯಾಕೆ, ಕೀಬೋರ್ಡ್ ಬರುವ ಟ್ಯಾಬ್ ತಗೋ, ಬೇಡ ಅಂದಾಗ ಕೀಬೋರ್ಡ್ ಕಿತ್ತಿಟ್ಟರಾಯ್ತು’ ಅನ್ನುತ್ತಾನೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಟ್ಯಾಬ್ ತಗೊಂಡರೆ ಸಾಕಾ?

ಉತ್ತರ (ಶಿವಮೊಗ್ಗ, ಕಂಪ್ಯೂಟರ್ ಮಾರಾಟ ಮತ್ತು ರಿಪೇರಿ):
ನಮಸ್ತೆ ಮೇಡಂ. ಅಂಗಡಿಗೆ ಬಂದು ಹೀಗೆ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ನಿಮಗೆ ಬಿಡಲಿಕ್ಕೇ ಆಗದ ಸಾಫ್ಟ್‌ವೇರ್ ಯಾವುದು? ನೀವು ಅದನ್ನು ಆಗಲೇ ಬರೆದಿದ್ದೀರಿ. ಟ್ಯಾಲಿ. ಅದರ ಈಗಿನ ರೂಪ ಟ್ಯಾಲಿ ಪ್ರೈಮ್ ಇನ್‌ಸ್ಟಾಲ್ ಆಗುವುದು ವಿಂಡೋಸಿನಲ್ಲಿ ಮಾತ್ರ. ಹಾಗಾಗಿ ಆಂಡ್ರಾಯ್ಡ್ ಟ್ಯಾಬ್, ಐಪ್ಯಾಡ್ ಎರಡೂ ಅಲ್ಲಿಗೇ ಪಟ್ಟಿಯಿಂದ ಹೊರಗೆ. ಎಷ್ಟೇ ದುಬಾರಿಯದಾದರೂ ಅಷ್ಟೇ.

ತಮ್ಮ ಹೇಳಿದ್ದು ಯಾವ ಟ್ಯಾಬ್ ಅಂತ ಮೊದಲು ಕೇಳಿ. ಕೀಬೋರ್ಡ್ ಸಿಕ್ಕಿಸಿ ಟೇಬಲ್ ಮೇಲೆ ಇಟ್ಟರೆ ಎಲ್ಲಾ ಒಂದೇ ಥರ ಕಾಣುತ್ತವೆ. ಒಳಗೆ ಬೇರೆ ಬೇರೆ. ಮೈಕ್ರೋಸಾಫ್ಟಿನ ಸರ್ಫೇಸ್ ಪ್ರೊ ಥರದವು ಒಳಗೆ ಪೂರ್ತಿ ವಿಂಡೋಸ್ ಕಂಪ್ಯೂಟರೇ. ಅದರಲ್ಲಿ ಟ್ಯಾಲಿಯೂ ನಡೆಯುತ್ತದೆ, ಕನ್ನಡ ಟೈಪ್ ಮಾಡುವ ‘ನುಡಿ’ ಸಾಫ್ಟ್‌ವೇರೂ ನಡೆಯುತ್ತದೆ. ಉಳಿದವು ಫೋನಿನ ಅಣ್ಣಂದಿರು.

ತಮ್ಮ ಇನ್ನೊಂದು ಮಾತು ಹೇಳಬಹುದು. ಟ್ಯಾಲಿಯನ್ನು ಕ್ಲೌಡಿನಲ್ಲಿ, ಅಂದರೆ ದೂರದ ಕಂಪ್ಯೂಟರಿನಲ್ಲಿಟ್ಟು ಇಂಟರ್ನೆಟ್ ಮೂಲಕ ಟ್ಯಾಬಿನಿಂದ ತೆರೆಯಬಹುದು ಅಂತ. ತೆರೆಯಬಹುದು, ಸುಳ್ಳಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಅದು ಚೆನ್ನಾಗಿಯೇ ನಡೆಯುತ್ತದೆ. ನಿಮ್ಮ ಕಡೆ ಜುಲೈನಲ್ಲಿ ಮರ ಬಿದ್ದು ಇಂಟರ್ನೆಟ್ಟಿನ ಫೈಬರ್ ಕೇಬಲ್ ತುಂಡಾಗಿ, ಟವರಿನ ಬ್ಯಾಟರಿಯೂ ಖಾಲಿಯಾದ ದಿನ ಲೆಕ್ಕದ ಪುಸ್ತಕವೇ ಕೈಗೆ ಸಿಗುವುದಿಲ್ಲ. ಸಂಘದ ಲೆಕ್ಕ ನಿಮ್ಮ ಮುಂದಿರುವ ಡಿಸ್ಕಿನಲ್ಲೇ ಇರಲಿ. ಬ್ಯಾಕಪ್ ಎಲ್ಲಿ ಬೇಕಾದರೂ ಇಡಿ.

ಟ್ಯಾಲಿ ಅಂದರೆ ಕೀಬೋರ್ಡಿನ ಕೆಲಸ. ಪಾವತಿಗೆ ಎಫ್5, ರಸೀದಿಗೆ ಎಫ್6, ಜರ್ನಲ್‌ಗೆ ಎಫ್7. ಟ್ಯಾಬಿಗೆ ಬರುವ ತೆಳ್ಳನೆ ಕೀಬೋರ್ಡುಗಳಲ್ಲಿ ಈ ಕೀಗಳಿಗೆ ಸೌಂಡು, ಬೆಳಕು ಹೆಚ್ಚು ಕಡಿಮೆ ಮಾಡುವ ಕೆಲಸ ಕೊಟ್ಟಿರುತ್ತಾರೆ. ಪ್ರತಿ ಸಲ ಎಫ್ಎನ್ ಕೀ ಜೊತೆ ಒತ್ತಬೇಕು, ಇಲ್ಲವೇ ಎಫ್ಎನ್ ಲಾಕ್ ಹಾಕಿಡಬೇಕು. ಅಂಕಿಗಳ ನಂಬರ್ ಪ್ಯಾಡ್ ಅಂತೂ ಇರುವುದೇ ಇಲ್ಲ. ಒಂದು ತಿಂಗಳ ವೋಚರ್ ಒಟ್ಟಿಗೆ ಹಾಕುವವರಿಗೆ ಇದು ಸಣ್ಣ ವಿಷಯ ಅಲ್ಲ.

ಮತ್ತೆ, ಆ ಕೀಬೋರ್ಡ್ ಬಹಳ ಸಲ ಟ್ಯಾಬಿನ ಬೆಲೆಯಲ್ಲಿ ಸೇರಿರುವುದಿಲ್ಲ. ಬೇರೆ ಬಿಲ್ಲು. ಪೆನ್ನಿಗೆ ಮತ್ತೊಂದು. ಜಾಹೀರಾತಿನ ಫೋಟೋದಲ್ಲಿ ಮೂರೂ ಒಟ್ಟಿಗೆ ಇರುತ್ತವೆ. ಮೂರೂ ಕೂಡಿಸಿಯೇ ಲೆಕ್ಕ ಹಾಕಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಸಾದಾ ಲ್ಯಾಪ್‌ಟಾಪ್ ತಗೊಳ್ಳುತ್ತೇನೆ. 8 ಜಿಬಿಗಿಂತ ಕಡಿಮೆ ರ‍್ಯಾಮ್ ಬೇಡ. ಫೈಲ್ ಇಡುವ ಡಿಸ್ಕ್ ಎಸ್‌ಎಸ್‌ಡಿ ಇರಲಿ. ಕಡಿಮೆ ಬೆಲೆಯ ಟ್ಯಾಬುಗಳಲ್ಲಿ ಬರುವ ಇಎಂಎಂಸಿ ಅನ್ನುವ ಡಿಸ್ಕ್ ಬೇಡ. ಅದು ನಿಧಾನ, ಬೋರ್ಡಿಗೆ ಬೆಸುಗೆ ಹಾಕಿರುವುದರಿಂದ ಮುಂದೆ ಬದಲಾಯಿಸಲಿಕ್ಕೂ ಆಗಲ್ಲ. ಮುಖ್ಯವಾಗಿ, ಟೈಪ್-ಸಿ ಮೂಲಕ ಚಾರ್ಜ್ ಆಗುತ್ತಾ ನೋಡಿ. ಕರೆಂಟಿನ ವಿಷಯದಲ್ಲಿ ಟ್ಯಾಬ್ ಮುಂದಿದೆ ಅಂತ ಜನ ಅಂದುಕೊಳ್ಳುವುದು ಈ ಒಂದು ಕಾರಣಕ್ಕೆ. ಹಳೇ ಲ್ಯಾಪ್‌ಟಾಪಿನ ಗುಂಡು ಪಿನ್ನಿಗೆ ಸಾಮಾನ್ಯ ಪವರ್‌ಬ್ಯಾಂಕ್ ಆಗುವುದಿಲ್ಲ. ಟೈಪ್-ಸಿ ಇದ್ದರೆ 45 ಅಥವಾ 65 ವ್ಯಾಟ್ ಕೊಡುವ ಪವರ್‌ಬ್ಯಾಂಕ್ ಸಾಕು. 20,000 ಎಂಎಎಚ್‌ನದರಲ್ಲಿ ಸುಮಾರು 74 ವ್ಯಾಟ್-ಅವರ್ ಇರುತ್ತದೆ. ನಡುವೆ ಸೋರುವುದನ್ನು ಕಳೆದರೂ ಸಾದಾ ಲ್ಯಾಪ್‌ಟಾಪ್ ಒಂದು ಸಲ ಹೆಚ್ಚುಕಡಿಮೆ ಪೂರ್ತಿ ತುಂಬುತ್ತದೆ.

ಅದೇ ಸದಸ್ಯೆ:
ಟ್ಯಾಲಿ ಬೇಕಾದರೆ ಸಂಘದ ಕಂಪ್ಯೂಟರಿನಲ್ಲೇ ಮಾಡಬಹುದು ಸರ್. ಮನೆಗೆ ಆಂಡ್ರಾಯ್ಡ್ ಟ್ಯಾಬ್ ತಂದು ನಡಾವಳಿ ಮಾತ್ರ ಟೈಪ್ ಮಾಡಿದರೆ? ಹಳೇ ಫೈಲ್ ಎಲ್ಲಾ ನುಡಿಯಲ್ಲಿವೆ.

ಉತ್ತರ:
ಹಾಗಾದರೆ ಇನ್ನೂ ಕಷ್ಟ ಮೇಡಂ! ಒಂದು ಕೆಲಸ ಮಾಡಿ. ಹಳೇ ನಡಾವಳಿಯ ಒಂದು ವರ್ಡ್ ಫೈಲನ್ನು ನಿಮ್ಮ ಫೋನಿಗೆ ಕಳಿಸಿಕೊಂಡು ತೆರೆಯಿರಿ. ‘ಕನ್ನಡ’ ಅಂತ ಇದ್ದಲ್ಲಿ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟು ಎಳೆದ ಎ, ಆಮೇಲೆ ಪೌಂಡಿನ ಗುರುತು, ಕೊನೆಗೆ ಒಂದು ಕ್ಯೂ, ಹೀಗೆ ಏನೇನೋ ಕಂಡರೆ ಅದು ಹಳೇ ನುಡಿಯ ಫೈಲ್. ಯೂನಿಕೋಡ್, ಅಂದರೆ ಎಲ್ಲಾ ಯಂತ್ರದಲ್ಲೂ ಕನ್ನಡ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿ, ಬಳಕೆಗೆ ಬರುವ ಮೊದಲಿನ ನುಡಿ, ಶ್ರೀಲಿಪಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಫಾಂಟ್ ಇದ್ದಲ್ಲಿ ಕನ್ನಡ ಕಾಣುತ್ತದೆ. ಇಲ್ಲದಲ್ಲಿ ಒಳಗಿದ್ದದ್ದು ಹೊರಗೆ ಬರುತ್ತದೆ. ಫೈಲ್ ಹಾಳಾಗಿಲ್ಲ, ಗಾಬರಿ ಆಗಬೇಡಿ.

ಪಿಡಿಎಫ್ ಮಾಡಿಟ್ಟರೆ ಟ್ಯಾಬಿನಲ್ಲಿ ಓದಬಹುದು, ಅದರೊಳಗೆ ಫಾಂಟೂ ಸೇರಿಕೊಳ್ಳುತ್ತದೆ. ಆದರೆ ತಿದ್ದಲಿಕ್ಕೆ ಆಗಲ್ಲ. ಅದರಿಂದ ನಾಲ್ಕು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದರೆ ಮತ್ತೆ ಅದೇ ಪಿ, ಅದೇ ಪೌಂಡು.

ಟ್ಯಾಬೇ ಬೇಕು ಅಂತಿದ್ದರೆ ಮೊದಲು ಹಳೇ ಫೈಲುಗಳನ್ನು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ. ಪರಿವರ್ತಕ ಸಾಫ್ಟ್‌ವೇರುಗಳು ಪುಕ್ಕಟೆ ಸಿಗುತ್ತವೆ. ಬದಲಾದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಸದಸ್ಯರ ಹೆಸರಿನಲ್ಲಿ ಒಂದು ಒತ್ತು ಆಚೀಚೆ ಆದರೂ ಸರ್ವಸದಸ್ಯರ ಸಭೆಯಲ್ಲಿ ಅದೇ ದೊಡ್ಡ ಚರ್ಚೆ ಆಗುತ್ತದೆ, ಗೊತ್ತಲ್ಲ.

ಹೊಸದಾಗಿ ಬರೆಯುವುದನ್ನು ಯೂನಿಕೋಡಿನಲ್ಲೇ ಬರೆಯಿರಿ. ಇದು ಟ್ಯಾಬಿಗೂ ಸರಿ, ಲ್ಯಾಪ್‌ಟಾಪಿಗೂ ಸರಿ.

ಸಾಗರದ ನಿವೃತ್ತ ಮೇಷ್ಟ್ರು:
ಎಲ್ಲರನ್ನೂ ಲ್ಯಾಪ್‌ಟಾಪಿಗೇ ತಳ್ಳಬೇಡಿ ಮಾರಾಯ್ರೇ. ನಾನು ಐಪ್ಯಾಡ್ ತಗೊಂಡ ಮೇಲೆ ಲ್ಯಾಪ್‌ಟಾಪ್ ಅಟ್ಟದ ಮೇಲೆ ಕೂತಿದೆ. ಪತ್ರಿಕೆ ಓದುತ್ತೇನೆ, ಮಗಳ ಜೊತೆ ವಿಡಿಯೋದಲ್ಲಿ ಮಾತಾಡುತ್ತೇನೆ, ಲೇಖನ ಬರೆದು ಇಮೇಲ್ ಮಾಡುತ್ತೇನೆ.

ಉತ್ತರ:
ಸರಿಯಾದ ಮಾತು ಮೇಷ್ಟ್ರೇ. ನಿಮಗೆ ಅದೇ ಸರಿ. ನಿಮ್ಮ ಕೆಲಸದಲ್ಲಿ ವಿಂಡೋಸ್ ಕೇಳುವಂಥದ್ದು ಒಂದೂ ಇಲ್ಲ. ಐಪ್ಯಾಡೂ ಮೊದಲಿನ ಹಾಗಿಲ್ಲ. 2020ರಲ್ಲಿ ಟ್ರ್ಯಾಕ್‌ಪ್ಯಾಡ್ ಸರಿಯಾಗಿ ಬಂತು, 2025ರಲ್ಲಿ ಕಿಟಕಿಗಳನ್ನು ಬೇಕಾದ ಅಳತೆಗೆ ಎಳೆದು ಅಕ್ಕಪಕ್ಕ ಇಡುವುದೂ ಬಂತು. ಅಟ್ಟದ ಮೇಲಿನ ಲ್ಯಾಪ್‌ಟಾಪ್ ಮಾತ್ರ ಮಳೆಗಾಲಕ್ಕೆ ಮೊದಲು ಕೆಳಗಿಳಿಸಿ ಒಮ್ಮೆ ಚಾರ್ಜ್ ಮಾಡಿ. ಬ್ಯಾಟರಿ ಖಾಲಿಯಾಗಿಯೇ ವರ್ಷಗಟ್ಟಲೆ ಕೂತರೆ ಮತ್ತೆ ಏಳುವುದಿಲ್ಲ.

ಶಿವಮೊಗ್ಗದ ಒಬ್ಬ ತಂದೆ:
ಮಗ ಇಲ್ಲೇ ಇಂಜಿನಿಯರಿಂಗ್ ಸೇರಿದ್ದಾನೆ, ಮೆಕ್ಯಾನಿಕಲ್. ಪೆನ್ ಇರುವ ಟ್ಯಾಬೇ ಬೇಕು ಅಂತ ಹಠ. ನೋಟ್ಸ್ ಬರೆಯಲಿಕ್ಕಂತೆ. ಕೊಡಿಸಬಹುದಾ?

ಉತ್ತರ:
ಅವನ ಆಸೆ ಸುಮ್ನೆ ಅಲ್ಲ ಸರ್. ಗಣಿತದ ನೋಟ್ಸ್ ಟೈಪ್ ಮಾಡಲಿಕ್ಕೆ ಆಗಲ್ಲ, ಪೆನ್ನಿನಲ್ಲಿ ಬರೆದರೆ ಚಿತ್ರ, ಸೂತ್ರ, ಬಾಣ ಎಲ್ಲಾ ಬರುತ್ತದೆ. ಕಾಲೇಜಿನ ಮೇಷ್ಟ್ರು ಕಳಿಸಿದ ಪಿಡಿಎಫ್ ಮೇಲೆ ನೇರ ಗೀಚಬಹುದು. ಆದರೆ ಮೆಕ್ಯಾನಿಕಲ್ ಅಂದಿರಿ. ನಕ್ಷೆ ಬಿಡಿಸುವ ಸಾಫ್ಟ್‌ವೇರುಗಳನ್ನು ನೋಡಿ. ಸಾಲಿಡ್‌ವರ್ಕ್ಸ್ ವಿಂಡೋಸಿಗೆ ಮಾತ್ರ. ಆಟೋಕ್ಯಾಡಿನ ಪೂರ್ತಿ ಆವೃತ್ತಿ ವಿಂಡೋಸ್ ಮತ್ತು ಮ್ಯಾಕಿಗೆ, ಟ್ಯಾಬಿನಲ್ಲಿ ಬರುವುದು ಅದರ ಚಿಕ್ಕ ರೂಪ. ವಿದ್ಯಾರ್ಥಿಗಳಿಗೆ ಆಟೋಕ್ಯಾಡ್ ಪುಕ್ಕಟೆ ಸಿಗುತ್ತದೆ, ಅದನ್ನು ಹಾಕಿಕೊಳ್ಳಲಿಕ್ಕೆ ಯಂತ್ರ ಇರಬೇಕಲ್ಲ.

ನಾನು ಹೇಳುವುದು, ದೊಡ್ಡ ದುಡ್ಡು ಲ್ಯಾಪ್‌ಟಾಪಿಗೆ ಹಾಕಿ. ಉಳಿದದ್ದರಲ್ಲಿ ಪೆನ್ ಬರುವ ಸಾಧಾರಣ ಆಂಡ್ರಾಯ್ಡ್ ಟ್ಯಾಬ್. ಎರಡನ್ನೂ ಒಂದರಲ್ಲೇ ಹುಡುಕಿದರೆ ಗ್ರಾಫಿಕ್ಸ್ ಕಡಿಮೆ ಇರುವ, ಬೆಲೆ ಜಾಸ್ತಿ ಇರುವ ಸಾಮಾನು ಕೈಗೆ ಬರುತ್ತದೆ. ತೆಳ್ಳಗಿನ ಟ್ಯಾಬಿನಲ್ಲಿ ಶಾಖ ಹೋಗಲಿಕ್ಕೆ ಜಾಗ ಇಲ್ಲ. ಭಾರೀ ಕೆಲಸ ಕೊಟ್ಟರೆ ಬಿಸಿಯಾಗಿ ತಾನೇ ವೇಗ ಇಳಿಸಿಕೊಳ್ಳುತ್ತದೆ.

ಕಾಮರ್ಸ್ ಅಥವಾ ಬಿ.ಎ. ಆಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ. ಸ್ಕ್ರೀನ್ ಪೂರ್ತಿ ಹಿಂದಕ್ಕೆ ಮಡಚುವ ಲ್ಯಾಪ್‌ಟಾಪ್ ಬರುತ್ತದಲ್ಲ, ಲೆನೊವೊ 2012ರಲ್ಲಿ ಯೋಗ ಅಂತ ತಂದಿತ್ತು, ಈಗ ಎಲ್ಲಾ ಕಂಪನಿಯವರೂ ಮಾಡುತ್ತಾರೆ. ಅದು ಮೊದಲು ಲ್ಯಾಪ್‌ಟಾಪ್, ಆಮೇಲೆ ಟ್ಯಾಬ್. ಕೈಯಲ್ಲಿ ಹಿಡಿದು ಓದಲಿಕ್ಕೆ ಭಾರ, ಆದರೆ ಮೇಜಿನ ಮೇಲಿಟ್ಟು ಬರೆಯಲಿಕ್ಕೆ ಚೆನ್ನ.

ಭದ್ರಾವತಿಯ ಸದಸ್ಯ:
ಅಣ್ಣಾ, ಸ್ನಾಪ್‌ಡ್ರ್ಯಾಗನ್ ಪ್ರೊಸೆಸರ್ ಹಾಕಿದ ಹೊಸ ಸರ್ಫೇಸ್ ಪ್ರೊ ಬ್ಯಾಟರಿ ತುಂಬಾ ಹೊತ್ತು ಬರುತ್ತಂತೆ. ಅದೂ ವಿಂಡೋಸೇ ಅಲ್ವಾ? ನನಗೆ ಜಿಎಸ್‌ಟಿ ಫೈಲಿಂಗ್ ಕೆಲಸ.

ಉತ್ತರ:
ವಿಂಡೋಸೇ. ಬ್ಯಾಟರಿಯೂ ನಿಜ. ಆದರೆ ನಿಮ್ಮ ಕೆಲಸಕ್ಕೆ ನಾನು ಈಗಲೇ ಹೂಂ ಅನ್ನುವುದಿಲ್ಲ.

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ. 2012ರಲ್ಲಿ ಮೈಕ್ರೋಸಾಫ್ಟ್ ಮೊದಲ ಸರ್ಫೇಸ್ ತಂದಾಗ ಅದರಲ್ಲಿ ವಿಂಡೋಸ್ ಆರ್‌ಟಿ ಇತ್ತು. ನೋಡಲಿಕ್ಕೆ ವಿಂಡೋಸ್. ಆದರೆ ಪ್ರೊಸೆಸರ್ ಎಆರ್‌ಎಂ, ಅಂದರೆ ಫೋನಿನ ಜಾತಿಯದ್ದು. ಹಳೇ ಪ್ರೋಗ್ರಾಂ ಒಂದನ್ನೂ ಹಾಕಿಕೊಳ್ಳುತ್ತಿರಲಿಲ್ಲ. ಮುಂದಿನ ವರ್ಷ ಇಂಟೆಲ್ ಹಾಕಿದ ಸರ್ಫೇಸ್ ಪ್ರೊ ಬಂತು, ಅದು ನಿಜವಾದ ಕಂಪ್ಯೂಟರ್. 2024ರ ಸ್ನಾಪ್‌ಡ್ರ್ಯಾಗನ್ ಮಾಡೆಲ್ ಮತ್ತೆ ಎಆರ್‌ಎಂ. ಈಗ ಪರಿಸ್ಥಿತಿ ಎಷ್ಟೋ ವಾಸಿ. ಇಂಟೆಲಿಗೆ ಬರೆದ ಪ್ರೋಗ್ರಾಮುಗಳನ್ನು ಒಳಗೇ ಅನುವಾದ ಮಾಡಿಕೊಂಡು ಓಡಿಸುತ್ತದೆ.

ಡ್ರೈವರಿಗೆ, ಅಂದರೆ ಹೊರಗಿನ ಸಾಧನವನ್ನು ಕಂಪ್ಯೂಟರಿನ ಜೊತೆ ಮಾತಾಡಿಸುವ ಸಾಫ್ಟ್‌ವೇರಿಗೆ ಮಾತ್ರ ಆ ಅನುವಾದ ಇಲ್ಲ. ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಬೆರಳಚ್ಚಿನ ಯಂತ್ರ, ಎಲ್ಲಕ್ಕೂ ಡ್ರೈವರ್ ಬೇಕು. ತಯಾರಿಸಿದವರು ಎಆರ್‌ಎಂಗೆ ಬೇರೆ ಡ್ರೈವರ್ ಮಾಡಿಕೊಟ್ಟಿದ್ದರೆ ನಡೆಯುತ್ತದೆ, ಇಲ್ಲದಿದ್ದರೆ ಚುಚ್ಚಿದರೂ ಮಿಸುಕುವುದಿಲ್ಲ. ನಿಮ್ಮ ಕಕ್ಷಿದಾರರಲ್ಲಿ ಕಂಪನಿಗಳಿದ್ದರೆ ಒಟಿಪಿ ಸಾಲದು, ಟೋಕನ್ ಬೇಕೇ ಬೇಕು. ಟೋಕನ್ ಕೊಟ್ಟವರ ಹತ್ತಿರ ಕೇಳಿಯೇ ದುಡ್ಡು ಬಿಚ್ಚಿ. ಅಲ್ಲಿಯವರೆಗೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನದೇ ಸರಿ.

ಹೊಸನಗರದ ಸದಸ್ಯರು:
ರಿಪೇರಿ ಹೇಗೆ? ಮತ್ತೆ ನಮ್ಮ ಕಡೆ ಮಳೆಗೆ ಟ್ಯಾಬ್ ತಡೆಯುತ್ತಾ?

ಉತ್ತರ:
ಇದು ನನ್ನ ಹೊಟ್ಟೆಪಾಡಿನ ಪ್ರಶ್ನೆ, ಬಿಚ್ಚಿಯೇ ಹೇಳುತ್ತೇನೆ. ಲ್ಯಾಪ್‌ಟಾಪಿನ ತಳದಲ್ಲಿ ಸ್ಕ್ರೂ ಇರುತ್ತವೆ. ಬಿಚ್ಚಿದರೆ ಬ್ಯಾಟರಿ, ಫ್ಯಾನು, ಎಸ್‌ಎಸ್‌ಡಿ ಕಣ್ಣೆದುರೇ. ಟ್ಯಾಬಿನಲ್ಲಿ ಹೆಚ್ಚಾಗಿ ಗಾಜನ್ನೇ ಅಂಟು ಹಾಕಿ ಕೂರಿಸಿರುತ್ತಾರೆ. ಬ್ಯಾಟರಿ ಬದಲಿಸಬೇಕಾದರೂ ಅಂಚಿಗೆ ಬಿಸಿ ಕೊಟ್ಟು, ತೆಳ್ಳಗಿನ ಪ್ಲಾಸ್ಟಿಕ್ ಚೂರು ತೂರಿಸಿ, ನಿಧಾನ ಗಾಜು ಎಬ್ಬಿಸಬೇಕು. ಒಂದು ಮೂಲೆ ಚಿಟ್ ಅಂದರೆ ಬ್ಯಾಟರಿ ಖರ್ಚಿನ ಮೇಲೆ ಸ್ಕ್ರೀನಿನ ಖರ್ಚು. 2013ರ ಸರ್ಫೇಸ್ ಪ್ರೊಗೆ ರಿಪೇರಿ ಸುಲಭತೆಯಲ್ಲಿ, ಸಾಧನಗಳನ್ನು ಬಿಚ್ಚಿ ನೋಡಿ ಅಂಕ ಕೊಡುವ ಐಫಿಕ್ಸಿಟ್‌ನವರು 10ಕ್ಕೆ 1 ಅಂಕ ಕೊಟ್ಟಿದ್ದರು. ಇತ್ತೀಚಿನ ಮಾಡೆಲುಗಳಲ್ಲಿ ಎಸ್‌ಎಸ್‌ಡಿ ಬದಲಿಸಲಿಕ್ಕೆ ಸಣ್ಣ ಬಾಗಿಲು ಇಟ್ಟಿದ್ದಾರೆ, ಅಷ್ಟು ಸುಧಾರಣೆ ಆಗಿದೆ. ಸ್ಕ್ರೀನ್ ಒಂದು ಕಡೆ ಉಬ್ಬಿದ ಹಾಗೆ ಕಂಡರೆ ಒಳಗೆ ಬ್ಯಾಟರಿ ಊದಿದೆ ಅಂತ ಅರ್ಥ. ಒತ್ತಿ ಕೂರಿಸಬೇಡಿ, ಚಾರ್ಜಿಗೂ ಹಾಕಬೇಡಿ. ಹಾಗೇ ತನ್ನಿ.

ಮಳೆಗಾಲದ್ದು ಇನ್ನೊಂದು ಕಥೆ. ಬಟ್ಟೆಯಂಥ ಹೊದಿಕೆ ಇರುವ ಕೀಬೋರ್ಡಿಗೆ ನಿಮ್ಮಲ್ಲಿ ಆಗಸ್ಟ್ ಒಳಗೆ ಬೂಷ್ಟು ಬರುತ್ತದೆ. ಟ್ಯಾಬಿಗೆ ಕೀಬೋರ್ಡ್ ಕೂಡುವಲ್ಲಿ ಸಣ್ಣ ಚಿನ್ನದ ಬಣ್ಣದ ಚುಕ್ಕಿಗಳಿವೆಯಲ್ಲ, ಅವು ತೇವಕ್ಕೆ ಮಂಕಾಗಿ ಟೈಪ್ ಮಾಡುತ್ತಿದ್ದ ಹಾಗೇ ಕೀಬೋರ್ಡ್ ಕೈಕೊಡುತ್ತದೆ. ಎಷ್ಟೋ ಜನ ಕೀಬೋರ್ಡ್ ಹೋಯ್ತು ಅಂತಲೇ ಬರುತ್ತಾರೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಾಕಿ ಒರೆಸಿದರೆ ಹೆಚ್ಚಿನವು ಸರಿಯಾಗುತ್ತವೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಅಂಟು ಇರುತ್ತದೆ.

ಸಿಡಿಲಿನ ಸಮಯದಲ್ಲಿ ಪ್ಲಗ್ ಕೀಳಿ. ಇಂಟರ್ನೆಟ್ ಕೇಬಲನ್ನೂ ಕೀಳಿ. ಪ್ಲಗ್ ಕಿತ್ತು ಕೇಬಲ್ ಬಿಟ್ಟವರ ಬೋರ್ಡುಗಳೇ ನನ್ನ ಟೇಬಲಿಗೆ ಜಾಸ್ತಿ ಬರುವುದು.

ತೀರ್ಥಹಳ್ಳಿ ಕಡೆಯ ಸದಸ್ಯೆ:
ತಮ್ಮನಿಗೆ ಫೋನ್ ಮಾಡಿದ್ದೆ ಸರ್. ಅವನು ಹೇಳಿದ್ದು ಆಂಡ್ರಾಯ್ಡ್ ಟ್ಯಾಬೇ! ನುಡಿ ಫೈಲನ್ನೂ ಫೋನಿನಲ್ಲಿ ತೆರೆದು ನೋಡಿದೆ, ನೀವು ಹೇಳಿದ ಹಾಗೇ ಪಿ, ಪೌಂಡು. ಲ್ಯಾಪ್‌ಟಾಪೇ ತಗೊಳ್ಳುತ್ತೇನೆ. ಕಂಪನಿಗಳು ಬಳಸಿ ಬಿಟ್ಟ ಹಳೇ ಲ್ಯಾಪ್‌ಟಾಪ್ ಕಡಿಮೆಗೆ ಸಿಗುತ್ತಂತಲ್ಲ, ಅದು ಆಗಬಹುದಾ?

ಉತ್ತರ:
ಆಗಬಹುದು. ಅವುಗಳ ಕೀಬೋರ್ಡ್, ಹಿಂಜ್ ಎರಡೂ ಗಟ್ಟಿ ಇರುತ್ತವೆ. ಒಂದು ಮಾತ್ರ ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೂರಬೇಕಾದರೆ ಇಂಟೆಲ್ ಪ್ರೊಸೆಸರ್ ಆದರೆ 8ನೇ ತಲೆಮಾರು ಅಥವಾ ಮುಂದಿನದೇ ಬೇಕು. 6ನೇ, 7ನೇ ತಲೆಮಾರಿನವನ್ನು ಬಹಳ ಅಗ್ಗಕ್ಕೆ ತೋರಿಸುತ್ತಾರೆ, ಬೇಡ. ಬ್ಯಾಟರಿ ಹೊಸದು ಹಾಕಿದ್ದಾರಾ ಅಂತ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಅದೇ ಸದಸ್ಯೆ:
ಶನಿವಾರ ಅಡಿಕೆ ಕೆಲಸಕ್ಕೆ ಪೇಟೆಗೆ ಬರುವುದಿದೆ. ಹಳೇದನ್ನೂ ತರಲಾ?

ಉತ್ತರ:
ತನ್ನಿ ಮೇಡಂ. ಅದರ ಡಿಸ್ಕ್ ಚೆನ್ನಾಗಿದ್ದರೆ ಫೈಲ್ ಎಲ್ಲಾ ಅಲ್ಲೇ ಹೊಸದಕ್ಕೆ ಹಾಕಿಕೊಡುತ್ತೇನೆ. ಟ್ಯಾಲಿಯ ಸೀರಿಯಲ್ ನಂಬರ್ ಬರೆದುಕೊಂಡು ಬನ್ನಿ. ಮನೆಯ ಪ್ರಿಂಟರಿನ ಹಿಂದೆ ಅಂಟಿಸಿದ ಚೀಟಿಯದ್ದೂ ಒಂದು ಫೋಟೋ ಇರಲಿ.